38 ಸಾವಿರದ ಸೋಫಾಕ್ಕೆಲ್ಲಾ ಕೇಸ್ ಹಾಕೋಕಾಗುತ್ತಾ?

ಧಾರಾಳವಾಗಿ ಹಾಕಬಹುದು. ಸೋಫಾದ ಕಾಲು ಮುರಿದಿದೆ, ಆದರೆ ಮಾರಿದವರು ಮುಂಬೈಯವರು, ನಾನಿರೋದು ಬೆಂಗಳೂರಿನ ವಿಜಯನಗರದಲ್ಲಿ, ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಬರೆದಿದ್ದೀರಿ. ಇದ್ಯಾವುದಕ್ಕೂ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಮಾಡುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ನಿಮ್ಮ ಪರ ನೀವೇ ವಾದಿಸಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ.

ಒಂದು ಫ್ರಿಜ್ ವಿಷಯಕ್ಕೆ ನಾನೂ ಶಾಂತಿನಗರದ ಗ್ರಾಹಕ ಆಯೋಗಕ್ಕೆ ಅಲೆದವನು. ಮಾನಸಿಕ ಹಿಂಸೆಗೆ ಅಂತ ದೊಡ್ಡ ಮೊತ್ತ ಬರೆದುಬಿಟ್ಟೆ, ಆಮೇಲೆ ಜಿಲ್ಲಾ ಆಯೋಗದ 50 ಲಕ್ಷದ ಮಿತಿ ನೆನಪಾಗಿ ರಾತ್ರಿಯೆಲ್ಲಾ ಸುಮ್ನೆ ತಲೆ ಕೆಡಿಸಿಕೊಂಡೆ. ಆ ಮಿತಿಗೆ ನೀವು ಕೇಳುವ ಪರಿಹಾರ ಲೆಕ್ಕಕ್ಕಿಲ್ಲ, ವಸ್ತುವಿಗೆ ಕೊಟ್ಟ ಹಣವಷ್ಟೇ ಲೆಕ್ಕ.

ನಿಜವಾಗಿ ಹೆದರಬೇಕಾದ್ದು ತಾರೀಖಿಗೆ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಕಸ್ಟಮರ್ ಕೇರ್‌ನವರು 'ನೋಡ್ತೀವಿ ಸಾರ್' ಅಂತ ಮೇಲ್ ಮೇಲೆ ಮೇಲ್ ಕಳಿಸುತ್ತಾ ಇದ್ದರೆ ಗಡುವು ಮುಂದೆ ಹೋಗುತ್ತೆ ಅಂದುಕೊಳ್ಳಬೇಡಿ, ಹೋಗಲ್ಲ. ತಡವಾದರೆ ಸರಿಯಾದ ಕಾರಣ ಕೊಟ್ಟು ಕೇಳಿಕೊಳ್ಳಬಹುದು, ಒಪ್ಪೋದು ಬಿಡೋದು ಆಯೋಗಕ್ಕೆ ಬಿಟ್ಟಿದ್ದು.

ಇನ್ನು ಕಾಗದ ಪತ್ರ. ನನ್ನ ಬಿಲ್ ಆ ನುಣುಪು ಕಾಗದದ್ದು. ಬೀರುವಿನಿಂದ ತೆಗೆದು ನೋಡಿದರೆ ಅಕ್ಷರವೇ ಮಾಯ, ಅಂಗಡಿ ಹೆಸರಿನ ಜಾಗದಲ್ಲಿ ಬೂದು ಗೆರೆ! ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದದ್ದಕ್ಕೆ ಬಚಾವಾದೆ. ಬಿಲ್, ಹಣ ಕಟ್ಟಿದ ಪುರಾವೆ, ಸೋಫಾದ ಮುರಿದ ಕಾಲಿನ ಫೋಟೋ, ಮೇಲ್‌ಗಳು ಎಲ್ಲಾ ಪ್ರಿಂಟ್ ಮಾಡಿಸಿ, ಪುಟಕ್ಕೆ ನಂಬರ್ ಹಾಕಿ, ಅಫಿಡವಿಟ್ (ಪ್ರಮಾಣ ಪತ್ರ) ಜೊತೆಗಿಡಿ. ಅದಕ್ಕೂ ಮುಂಚೆ ಮಾರಿದವರಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಒಮ್ಮೆ ಫೋನ್ ಮಾಡಿ ನೋಡಿ, ಎಷ್ಟೋ ಕಂಪನಿಗಳು ಅಲ್ಲೇ ಮೆತ್ತಗಾಗುತ್ತವೆ.

ಕೇಸ್ ಮುಗಿಸೋಕೆ ಕಾಯ್ದೆಯಲ್ಲಿ 3 ತಿಂಗಳು ಅಂತಿದೆ. ನನ್ನದು ಮುಗಿಯೋಕೆ ಒಂದೂವರೆ ವರ್ಷ ಆಯಿತು, ನಾಲ್ಕು ಸಲ ರಜೆ ಹಾಕಿದೆ.

ಗೆಳೆಯನಿಗೆ ಕೊಟ್ಟ 20 ಸಾವಿರವನ್ನೂ ಇದರಲ್ಲೇ ಸೇರಿಸಬಹುದಾ ಅಂದಿದ್ದೀರಲ್ಲಾ, ಆಗಲ್ಲ. ಕೈಸಾಲ ಗ್ರಾಹಕ ವ್ಯವಹಾರ ಅಲ್ಲ, ಅದು ಸಿವಿಲ್ ದಾವೆ. ಅಲ್ಲಿ ಕೋರ್ಟ್ ಫೀ ಉಂಟು, ಸಾಲ ಕೊಟ್ಟ ದಿನದಿಂದ 3 ವರ್ಷದ ಗಡುವು. ಅಷ್ಟರೊಳಗೆ ಅವನ ಕೈಲಿ 'ಬಾಕಿ ಇದೆ' ಅಂತ ಬರೆಸಿ ಸಹಿ ಹಾಕಿಸಿಕೊಂಡರೆ ಆ ದಿನದಿಂದ ಮತ್ತೆ 3 ವರ್ಷ ಸಿಗುತ್ತೆ.