28 ಅಡಿಯ ಗಾಡಿ ಎಲ್ಲಿ ನಿಲ್ಲಬೇಕು?

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಓದುಗರೊಬ್ಬರು ಬರೆದಿದ್ದಾರೆ: “ಊರಿನಿಂದ ಅಪ್ಪ ಅಮ್ಮ ಬರುತ್ತಾರೆಂದು 28 ಅಡಿಯ ಹಳೆಯ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಗಾಡಿ) ಕೊಂಡೆವು. ಮನೆಯೆದುರು ನಿಲ್ಲಿಸಿದ ಕೆಲವೇ ದಿನಗಳಲ್ಲಿ ನೆರೆಯವರು ತಕರಾರು ತೆಗೆದರು, ದಂಡದ ಚೀಟಿಯೂ ಬಂತು. ತೆರಿಗೆ ಕಟ್ಟುವ ನಮಗೆ ಅಲ್ಲಿ ಜಾಗವಿಲ್ಲವೇ? ಗಾಡಿಗಳಲ್ಲೇ ಸಂಸಾರ ಹೂಡಿದವರಿಂದಾಗಿ ನಮಗೇಕೆ ಶಿಕ್ಷೆ?”

ಮಾನ್ಯರೇ, ತೆರಿಗೆಯ ವಾದವನ್ನು ಬದಿಗಿಡೋಣ. ಬೆಂಗಳೂರಿನಲ್ಲಿ ಗೇಟಿನೆದುರು ಹೂಕುಂಡ, ಕಲ್ಲು ಇಟ್ಟು ರಸ್ತೆಯನ್ನು ಕಾಯ್ದಿರಿಸುವವರೂ ಇದನ್ನೇ ಹೇಳುತ್ತಾರೆ. ಅಲ್ಲಿಯೂ ಆ ವಾದ ನಿಲ್ಲುವುದಿಲ್ಲ.

ನಿಮ್ಮ ಎರಡನೆಯ ಮಾತಿಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕಿದೆ. ನಿಮ್ಮ ಬೇ ಏರಿಯಾದ ಮೌಂಟನ್ ವ್ಯೂ ನಗರದ ಮತದಾರರು 2020ರಲ್ಲಿ 40 ಅಡಿ ಅಥವಾ ಅದಕ್ಕಿಂತ ಕಿರಿದಾದ ಬೀದಿಗಳಲ್ಲಿ ದೊಡ್ಡ ವಾಹನ ನಿಲ್ಲಿಸದಂತೆ ಮಾಡುವ ನಿಯಮಕ್ಕೆ ಒಪ್ಪಿಗೆ ಕೊಟ್ಟರು. ಸ್ಯಾನ್ ಫ್ರಾನ್ಸಿಸ್ಕೊ 2025ರಲ್ಲಿ 22 ಅಡಿಗಿಂತ ಉದ್ದದ ಅಥವಾ 7 ಅಡಿಗಿಂತ ಎತ್ತರದ ವಾಹನಗಳಿಗೆ ಎರಡು ಗಂಟೆಯ ಮಿತಿ ಹಾಕಿತು. ಇಂಥ ನಿಯಮಗಳ ಹಿಂದೆ ಇದ್ದದ್ದು ವಿಹಾರಕ್ಕೆ ಹೊರಟವರ ಚಿಂತೆಯಲ್ಲ. ಮನೆ ಬಾಡಿಗೆ ಕೈಗೆಟುಕದೆ ಆರ್‌ವಿಯಲ್ಲೇ, ಅಂದರೆ ನಿಮ್ಮದರಂಥ ಮನೆಗಾಡಿಯಲ್ಲೇ ಮಲಗಿ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರು ಅಲ್ಲಿ ಬಹಳ. ಆದರೆ ಟೇಪು ಹಿಡಿದು ಅಳೆಯುವವರು ಒಳಗಿರುವವರು ಯಾರೆಂದು ಕೇಳುವುದಿಲ್ಲ. ಗಾಡಿಯಲ್ಲೇ ಬದುಕುವವರಿಂದ ನಿಮಗೆ ಶಿಕ್ಷೆಯಾಯಿತು ಎನ್ನುವುದಕ್ಕಿಂತ, ಅವರಿಗೆಂದು ಹೆಣೆದ ಬಲೆಯಲ್ಲಿ ನಿಮ್ಮ ಬಂಪರ್ ಸಿಕ್ಕಿಕೊಂಡಿತು ಎನ್ನಿ. ನೀವು ದಂಡ ಕಟ್ಟಿ ಮನೆಯೊಳಗೆ ಹೋಗಬಹುದು. ಅವರಿಗೆ ಗಾಡಿಯನ್ನು ಎಳೆದೊಯ್ದರೆ ಮನೆಯೇ ಹೋಯಿತು.

ನೆರೆಯವರ ತಕರಾರಿನಲ್ಲಿಯೂ ಹುರುಳಿದೆ. ನಿಮ್ಮ ಗಾಡಿ ಸುಮಾರು ಎಂಟೂವರೆ ಅಡಿ ಅಗಲ, ಹನ್ನೊಂದು ಅಡಿ ಎತ್ತರ ಇರಬೇಕು. ಪಕ್ಕದ ಮನೆಯವರು ಕಾರನ್ನು ಹಿಂದಕ್ಕೆ ತೆಗೆಯುವಾಗ ಅದರ ಆಚೆಯಿಂದ ಸೈಕಲ್ಲಿನಲ್ಲಿ ಬರುವ ಮಗು ಕಾಣುವುದಿಲ್ಲ. ಜನರೇಟರ್ ಸದ್ದಿನ ಬಗ್ಗೆ ನಾನು ಬೇರೆ ಹೇಳಬೇಕಿಲ್ಲ.

ಏನು ಮಾಡಬಹುದು? ಊರಾಚೆ ತಿಂಗಳ ಬಾಡಿಗೆಗೆ ಆರ್‌ವಿ ನಿಲ್ಲಿಸುವ ಅಂಗಳಗಳಿವೆ, ಗಾಡಿ ಅಲ್ಲಿರಲಿ. ಪ್ರವಾಸದ ಹಿಂದಿನ ದಿನ ಮನೆಗೆ ತಂದು ಸಾಮಾನು ತುಂಬಲು ಅನುಮತಿ ಸಿಗುತ್ತದೆಯೇ ಎಂದು ನಗರಸಭೆಯನ್ನೂ ನಿಮ್ಮ ಬಡಾವಣೆಯ ಸಂಘವನ್ನೂ ಕೇಳಿ. ನಗರ ಒಪ್ಪಿದ್ದನ್ನು ಸಂಘ ಒಪ್ಪದಿರಬಹುದು. ಮೂರು ದಿನಗಳಿಗಿಂತ ಹೆಚ್ಚು ಕದಲದೆ ನಿಂತ ವಾಹನವನ್ನು ಎಳೆದೊಯ್ಯುವ ನಿಯಮ ಕ್ಯಾಲಿಫೋರ್ನಿಯಾದ ಅನೇಕ ಊರುಗಳಲ್ಲಿದೆ, ಅದು ಸಣ್ಣ ಕಾರಿಗೂ ಅನ್ವಯಿಸುತ್ತದೆ.

ಪ್ರವಾಸದಲ್ಲಿ ಊರ ನಡುವೆ ನುಗ್ಗಬೇಡಿ. ಬಹುಮಹಡಿ ವಾಹನ ನಿಲ್ದಾಣದೊಳಗೆ ಗಾಡಿ ಹಿಡಿಯುವುದಿಲ್ಲ, ಬಯಲಿನ ಪಾರ್ಕಿಂಗ್ ಅಂಕಣಗಳೂ ಸಾಮಾನ್ಯವಾಗಿ 18 ಅಡಿಯಷ್ಟೇ ಉದ್ದ. ಹೊರವಲಯದಲ್ಲಿ ಬಿಟ್ಟು ಬಸ್ಸಿನಲ್ಲೋ ರೈಲಿನಲ್ಲೋ ಅಪ್ಪ ಅಮ್ಮನನ್ನು ಕರೆದೊಯ್ಯಿರಿ. ರಾತ್ರಿ ತಂಗಲು ಕೆಲವು ವಾಲ್‌ಮಾರ್ಟ್ ಅಂಗಡಿಗಳು ಬಿಡುತ್ತವೆ, ಎಲ್ಲವೂ ಅಲ್ಲ. ಒಳಗೆ ಹೋಗಿ ಮ್ಯಾನೇಜರನ್ನು ಕೇಳಿಯೇ ನಿಲ್ಲಿಸಿ. ಹೊರಡುವಾಗ ತೀರಾ ಒತ್ತಿ ತಿರುಗಿಸಬೇಡಿ: ಹಿಂದಿನ ಚಕ್ರದಾಚೆ ಚಾಚಿದ ಭಾಗ ಎದುರು ಬದಿಗೆ ಬೀಸಿಕೊಂಡು ಪಕ್ಕದ ಕಾರಿನ ಬಾಗಿಲನ್ನು ಉಜ್ಜಿಬಿಡುತ್ತದೆ.