ಅಪ್ಪ ಫೋನ್ ಎತ್ತದಿದ್ದಾಗ

"ಅಕ್ಕ, ನನಗೆ 27 ವರ್ಷ, ರಾಯಚೂರಿನಲ್ಲಿ ಕೆಲಸ. ಅಪ್ಪ, ಅವ್ವ ಗಂಗಾವತಿ ಹತ್ತಿರದ ಊರಲ್ಲಿದ್ದಾರೆ. ಹೋದ ವರ್ಷ ಅಪ್ಪನಿಗೆ ಸ್ಟೆಂಟ್ ಹಾಕಿದರು. ಈಗ ಆರಾಮಿದ್ದಾರೆ, ಗದ್ದೆಗೂ ಹೋಗುತ್ತಾರೆ, ಡಾಕ್ಟರೂ ಚಿಂತೆ ಬೇಡ ಅಂದಿದ್ದಾರೆ. ಆದರೂ ದಿನಕ್ಕೆ ಎಂಟು-ಹತ್ತು ಸಲ ಫೋನ್ ಮಾಡುತ್ತೇನೆ. ಎತ್ತದಿದ್ದರೆ ಕೈಕಾಲು ನಡುಗುತ್ತವೆ. ಮೊನ್ನೆ ಅಪ್ಪ ಸಿಟ್ಟಾಗಿ 'ನಾ ಇನ್ನೂ ಗಟ್ಟಿ ಅದೀನವ್ವಾ, ಎಷ್ಟು ಸಲ ಫೋನ್ ಹಚ್ತಿ?' ಅಂದರು. ನನಗೇನಾದರೂ ಹುಚ್ಚು ಹಿಡಿದಿದೆಯಾ?"

ತಂಗಿ, ಹುಚ್ಚು ಅನ್ನುವ ಮಾತು ಮೊದಲು ಬಿಡು. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದವರಿಗೆ ಹೀಗಾಗುವುದು ಸಹಜ. ಅಪ್ಪ ಎದ್ದು ಗದ್ದೆಗೆ ಹೋಗಿದ್ದಾರೆ, ನಿನ್ನ ಮನಸ್ಸು ಇನ್ನೂ ಆ ಬೆಂಚಿನ ಮೇಲೇ ಕೂತಿದೆ.

ಆನೆಗೊಂದಿ ಕಡೆಯ ಬೆಟ್ಟಗಳನ್ನು ನೋಡಿಯೇ ಬೆಳೆದವಳು ನೀನು, ಅಲ್ವಾ? ಚಿಕ್ಕವಳಿದ್ದಾಗ ಆ ದಾರಿಯಲ್ಲಿ ಬಸ್ಸು ಹೋಗುವಾಗ ನಾನು ಅವ್ವನ ಸೆರಗು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಒಂದರ ಮೇಲೊಂದು ಕೂತ ಆ ಗುಂಡುಗಳು ಈಗ ಉರುಳಿದವೋ, ಆಗ ಉರುಳಿದವೋ ಅಂತ ಭಯ. ಯಾರೋ ತಂದು ಪೇರಿಸಿದ್ದಾರೆ, ಒಂದು ಜಾರಿದರೆ ಎಲ್ಲ ಬಸ್ಸಿನ ಮೇಲೇ ಅಂದುಕೊಂಡಿದ್ದೆ. ಯಾರೂ ಪೇರಿಸಿಲ್ಲ ಅಂತ ದೊಡ್ಡವಳಾದ ಮೇಲೆ ಗೊತ್ತಾಯಿತು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು ಅದು. ನೆಲದೊಳಗೇ ಬಿರುಕು ಬಿಟ್ಟು, ಬಿರುಕಿಗೆ ನೀರಿಳಿದು, ಅಂಚು ಸವೆದು ದುಂಡಗಾಯಿತು, ಆಮೇಲೆ ಸುತ್ತಲಿನ ಮೆತ್ತನೆ ಮಣ್ಣು ಮಳೆಗೆ ಕೊಚ್ಚಿಹೋಯಿತು. ಹೋಗುವುದೆಲ್ಲ ಹೋದ ಮೇಲೂ ಇದ್ದಲ್ಲೇ ಉಳಿದ ಬಂಡೆಗಳವು. ಕಲ್ಲು ಯಾವತ್ತೂ ಉರುಳುವುದೇ ಇಲ್ಲ ಅಂತ ಹೇಳಲಾರೆ. ಆದರೆ ಅದು ಗೊತ್ತಾದ ಮೇಲೆ ಆ ಬಸ್ಸಿನಲ್ಲಿ ನಾನು ನಿದ್ದೆ ಮಾಡಿದ್ದೇನೆ.

ಅಪ್ಪನನ್ನೂ ಹಾಗೊಮ್ಮೆ ನೋಡು. ಸ್ಟೆಂಟ್ ಅಂದಕೂಡಲೇ ನಿನಗೆ ಬಂದ ಕುತ್ತು ನೆನಪಾಗುತ್ತೆ. ಆದರೆ ಕಟ್ಟಿಕೊಂಡಿದ್ದ ರಕ್ತನಾಳ ತೆರೆದಿರಲಿ ಅಂತ ಹಾಕಿದ್ದಲ್ಲವಾ ಅದು? ಆಗ ತೊಂದರೆ ಇರುವುದೇ ನಿಮಗೆ ಗೊತ್ತಿರಲಿಲ್ಲ. ಈಗ ಮಾತ್ರೆ ಇದೆ, ತಪಾಸಣೆ ಇದೆ, ಕಣ್ಣಿಟ್ಟು ನೋಡಲು ಅವ್ವ ಇದ್ದಾರೆ. ಇನ್ನು ಆ ಎತ್ತದ ಫೋನು. ಗದ್ದೆಗೆ ನೀರು ಕಟ್ಟುವ ಮನುಷ್ಯನ ಫೋನ್ ಅಂಗಿ ಕಿಸೆಯಲ್ಲಿರುತ್ತೆ, ಅಂಗಿ ಬೇವಿನ ಗಿಡದ ಟೊಂಗೆಗೆ ನೇತಾಡುತ್ತಿರುತ್ತೆ, ಅವರು ಬನಿಯನ್ ಹಾಕಿಕೊಂಡು ಮೊಣಕಾಲುದ್ದ ಕೆಸರಲ್ಲಿ ನಿಂತಿರುತ್ತಾರೆ. ಎದೆ ಹೊಡೆದುಕೊಂಡಾಗ ಈ ಚಿತ್ರ ಕಣ್ಣಮುಂದೆ ತಂದುಕೋ.

ಒಂದು ಮಾತು ಖಂಡಿತ. ಫೋನ್ ಮಾಡಿದಾಗ ಸಿಗುವ ಸಮಾಧಾನವೇ ಈ ಭಯಕ್ಕೆ ಮೇವು. ಹತ್ತು ನಿಮಿಷ ಇರುತ್ತೆ, ಆಮೇಲೆ ಇನ್ನೊಂದು ಕರೆ ಕೇಳುತ್ತೆ. ಹಾಗಾಗಿ ಕೈ ಫೋನಿಗೆ ಹೋದಾಗ ಹತ್ತು ನಿಮಿಷ ತಡೆ, ನಾಲ್ಕು ದಿನ ಬಿಟ್ಟು ಇಪ್ಪತ್ತು ಮಾಡು. ಅಷ್ಟರಲ್ಲಿ ಉಸಿರನ್ನು ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು, ನಡುಕ ತಾನಾಗಿಯೇ ಇಳಿಯುತ್ತೆ. ಮೊದಲ ವಾರ ಕಷ್ಟ, ಸುಳ್ಳು ಹೇಳುವುದಿಲ್ಲ. ಅಪ್ಪನಿಗೆ ಎದೆನೋವು, ಉಸಿರುಕಟ್ಟುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು ಅಂತ ಅವ್ವನಿಗೆ, ಪಕ್ಕದ ಮನೆಯವರಿಗೆ ಹೇಳಿಡು. ಆ ಕೆಲಸ ರಾಯಚೂರಿನಿಂದ ನಿನ್ನ ಕೈಯಲ್ಲಿ ಆಗುವುದೂ ಇಲ್ಲ.

ನಿದ್ದೆ, ಊಟ ಕೆಟ್ಟಿದ್ದರೆ ಅಥವಾ ತಿಂಗಳುಗಟ್ಟಲೆ ಹೀಗೇ ಇದ್ದರೆ ಸುಮ್ನೆ ತಡೆದುಕೊಳ್ಳಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಕರೆ ಮಾಡು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಪ್ಪನ ಸಿಟ್ಟಿಗೆ ಬೇಜಾರಾಗಬೇಡ. ನಿನ್ನ ಒಂದೊಂದು ಕರೆಯೂ ಅವರಿಗೆ 'ನೀನು ರೋಗಿ' ಅಂತ ನೆನಪಿಸುತ್ತಿದೆ. ಇವತ್ತು ಸಂಜೆ ಏಳಕ್ಕೆ ಒಂದೇ ಸಲ ಫೋನ್ ಹಚ್ಚು. ಮಾತ್ರೆ ಲೆಕ್ಕ ಅವ್ವನ ಹತ್ತಿರ ಕೇಳು. ಅಪ್ಪನ ಹತ್ತಿರ, ನಾಟಿ ಎಲ್ಲಿಗೆ ಬಂತು ಅಂತ ಕೇಳು.