ಕ್ಲಬ್ ನಡುವೆ ನಿಂತುಹೋಗಿದ್ದರೆ ಸ್ಥಾಪನೆಯ ಇಸವಿ ಯಾವುದು ಅಂತ ಬರೆಯಬೇಕು?

"ನಮ್ಮೂರ ಫುಟ್‌ಬಾಲ್ ಕ್ಲಬ್ ಕೆಲವು ವರ್ಷ ಮುಚ್ಚಿತ್ತು, ಸ್ಮರಣ ಸಂಚಿಕೆಗೆ ಹಳೇ ಇಸವಿ ಹಾಕಲೋ ಹೊಸದೋ" ಅಂತ ಕೇಳಿದ್ದೀರಿ. ಓದಿದ ಕೂಡಲೇ ಹೊಟ್ಟೆ ಕಲಸಿದಂತಾಯಿತು. ನಮ್ಮದೂ ಸಣ್ಣ ಊರು, ಇದೇ ಜಗಳ, ಇತಿಹಾಸ ಬರೆಯಲು ಕೂತವನು ನಾನೇ.

ಕಾಗದಪತ್ರ ಸಿಕ್ಕಿದ್ದು ಕಬ್ಬಿಣದ ಟ್ರಂಕಿನಲ್ಲಿ, ಗಾಳಿ ಹೋದ ಚೆಂಡುಗಳ ಅಡಿಯಲ್ಲಿ. ಸಭೆಯ ನಡಾವಳಿ ಪುಸ್ತಕ, ನಗದು ಪುಸ್ತಕ, ಮತ್ತೆ ಚಂದಾ ರಸೀದಿ ಪುಸ್ತಕಗಳ ದೊಡ್ಡ ಕಟ್ಟು. ರಸೀದಿ ಹರಿದು ಕೊಟ್ಟಮೇಲೆ ಪುಸ್ತಕದಲ್ಲಿ ಉಳಿಯುತ್ತದಲ್ಲ, ಆ ಕೌಂಟರ್‌ಫಾಯಿಲ್‌ಗಳು. ಗೆದ್ದಲು ಹಿಡಿದಿತ್ತು. ದುಡ್ಡೆಲ್ಲ ನಗದು ಪುಸ್ತಕದಲ್ಲಿ ಜಮಾ ಆಗಿದೆಯಲ್ಲ, ಅದೇ ಲೆಕ್ಕ ಎರಡೆರಡು ಸಲ ಯಾಕೆ ಅಂತ ಕಟ್ಟನ್ನು ರದ್ದಿಗೆ ಹಾಕಿಬಿಟ್ಟೆ.

ಅದು ಯಾಕೆ ಅಷ್ಟು ದೊಡ್ಡ ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ನಗದು ಪುಸ್ತಕದಲ್ಲಿ ಖಜಾಂಚಿ ಬರೆಯುತ್ತಿದ್ದದ್ದು "ಸದಸ್ಯರ ಚಂದಾ" ಅಂತ ತಿಂಗಳಿಗೊಂದೇ ಸಾಲು. ಕೊಟ್ಟವರು ಯಾರು ಅನ್ನುವುದು ಅಲ್ಲಿಲ್ಲ. ನಡಾವಳಿಯಲ್ಲಿರುವುದು ಸಭೆಗೆ ಬಂದವರ ಹೆಸರು, ಅಂದರೆ ಪದಾಧಿಕಾರಿಗಳದ್ದು. ಬೆಂಚಿನಲ್ಲೇ ಸೀಸನ್ ಕಳೆದವನು, ಮೈದಾನಕ್ಕೆ ಸುಣ್ಣದ ಗೆರೆ ಎಳೆದವನು, ಜೆರ್ಸಿ ಒಗೆದುಕೊಟ್ಟವಳು, ಇವರೆಲ್ಲ ತಾರೀಖು ಸಮೇತ ಇದ್ದದ್ದು ರಸೀದಿಯಲ್ಲಿ ಮಾತ್ರ. ಇನ್ನೂ ಒಂದಿದೆ. ಕ್ಲಬ್ ಮುಚ್ಚಿದ ವರ್ಷಗಳಲ್ಲಿ ಸಭೆಯಿಲ್ಲ, ಹಾಗಾಗಿ ನಡಾವಳಿಯಿಲ್ಲ. ಖಜಾಂಚಿಯಿಲ್ಲ, ನಗದು ಪುಸ್ತಕವೂ ಖಾಲಿ. ಆದರೆ ಯಾರೋ ಹುಡುಗರು ಹಳೇ ರಸೀದಿ ಪುಸ್ತಕವನ್ನೇ ಹಿಡಿದುಕೊಂಡು ಚೆಂಡಿಗೆ ದುಡ್ಡು ಎತ್ತುತ್ತಿದ್ದರಂತೆ!

ಇದು ಗೊತ್ತಾದದ್ದು ಸಂಚಿಕೆ ಅಚ್ಚಾದ ಮೇಲೆ. ಹಿರಿಯರೊಬ್ಬರು ತಮ್ಮ ಹತ್ತಿರವಿದ್ದ ರಸೀದಿ ತಂದು ತೋರಿಸಿದರು. "ಮುಚ್ಚಿದ" ಕಾಲದ ತಾರೀಖು, ಕ್ಲಬ್ಬಿನ ಮೊಹರು, ಕ್ರಮಸಂಖ್ಯೆ. ಅದರ ಹಿಂದಿನ ಮುಂದಿನ ನಂಬರುಗಳು ಕೈಯಲ್ಲಿದ್ದಿದ್ದರೆ ಆ ವರ್ಷ ಎಷ್ಟು ಜನ ದುಡ್ಡು ಹಾಕಿದ್ದರು ಅಂತ ಎಣಿಸಿಬಿಡಬಹುದಿತ್ತು. ನಾನು ಆ ಅಷ್ಟೂ ವರ್ಷಗಳಿಗೆ ಬರೆದಿದ್ದು "ಚಟುವಟಿಕೆ ಸ್ಥಗಿತ" ಅಂತ ಎರಡು ಪದ. ಅವರು ಬೈಯಲಿಲ್ಲ, ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್ ಎನಿಸಿಕೊಂಡ ಶೆಫೀಲ್ಡ್ ಎಫ್‌ಸಿ (1857) ತನ್ನ ಹಳೇ ಕಾಗದಪತ್ರಗಳನ್ನು 2011ರಲ್ಲಿ ಹರಾಜಿಗಿಟ್ಟಾಗ 8,81,250 ಪೌಂಡ್ ಬಂತು. ನಮ್ಮ ಕಟ್ಟಿಗೆ ಅಷ್ಟು ಬರುತ್ತಿತ್ತು ಅಂತಲ್ಲ, ರದ್ದಿ ಯಾವುದು ಅಂತ ತೀರ್ಮಾನಿಸಲು ನಾನು ಯಾರು ಅಂತ.

ಇನ್ನು ನಿಮ್ಮ ಪ್ರಶ್ನೆ. ಅದೇ ಸರಿಯಿಲ್ಲ ಅಂತೀನಿ. ಹಳೇದೋ ಹೊಸದೋ ಅಂತ ಆರಿಸಲು ಹೊರಟರೆ ನಡುವಿನ ಖಾಲಿ ಕಾಲ ಕಸದಬುಟ್ಟಿಗೆ ಹೋಗುತ್ತದೆ, ಕಥೆ ಇರುವುದೇ ಅಲ್ಲಿ. ಇಂಗ್ಲೆಂಡಿನ ಸಣ್ಣ ಊರಿನ ಕ್ಲಬ್ ಅಕ್ರಿಂಗ್ಟನ್ ಸ್ಟ್ಯಾನ್ಲಿ ನೋಡಿ. ಸಾಲ ತೀರಿಸಲಾಗದೆ 1962ರಲ್ಲಿ ಸೀಸನ್ ಮುಗಿಯುವ ಮೊದಲೇ ಲೀಗ್ ಬಿಟ್ಟಿತು, 1966ರಲ್ಲಿ ಪೂರ್ತಿ ಮುಚ್ಚಿತು. 1968ರಲ್ಲಿ ಊರಿನವರು ಅದೇ ಹೆಸರಲ್ಲಿ ಹೊಸದು ಕಟ್ಟಿದರು, 2006ರಲ್ಲಿ ಲೀಗಿಗೆ ವಾಪಸ್. ಆ ವರ್ಷ ಲೀಗಿನಿಂದ ಕೆಳಗಿಳಿದವರಲ್ಲಿ ಆಕ್ಸ್‌ಫರ್ಡ್ ಯುನೈಟೆಡ್ ಒಂದು, 1962ರಲ್ಲಿ ಇವರ ಜಾಗಕ್ಕೆ ಬಂದಿದ್ದ ತಂಡವೇ ಅದು! ಇದರಲ್ಲಿ ಯಾವ ಇಸವಿ ಹೊಡೆದುಹಾಕುತ್ತೀರಿ? ಎಲ್ಲವನ್ನೂ ಬರೆಯಿರಿ. ಬೋರ್ಡಿನ ಮೇಲೆ ಯಾವ ಅಂಕಿ ಇರಬೇಕು ಅನ್ನುವುದನ್ನು ಕಮಿಟಿಯವರೇ ಹೊಡೆದಾಡಿಕೊಳ್ಳಲಿ.

ಹಿರಿಯರ ನೆನಪಿನ ಇಸವಿಯನ್ನಂತೂ ನಂಬಬೇಡಿ, ಆಟವನ್ನೇ ಕೇಳಿ. ಡಿಫೆಂಡರ್ ಬೇಕಂತಲೇ ಕಾಲಲ್ಲಿ ಹಿಂದಕ್ಕೆ ಕೊಟ್ಟ ಪಾಸನ್ನು ನಮ್ಮ ಗೋಲ್‌ಕೀಪರ್ ಕೈಯಲ್ಲಿ ಹಿಡಿದ, ರೆಫರಿ ಸುಮ್ಮನಿದ್ದ ಅಂತ ಹೇಳಿದರೆ ಅದು ಬಹುಮಟ್ಟಿಗೆ 1992ಕ್ಕಿಂತ ಹಿಂದಿನ ಮಾತು, ಆ ವರ್ಷವೇ ನಿಯಮ ಬದಲಾದದ್ದು. ಹಳದಿ ಕಾರ್ಡ್ ಕಂಡ ನೆನಪಿದ್ದರೆ 1970ರ ನಂತರದ್ದು, ಆ ವಿಶ್ವಕಪ್ಪಿನಲ್ಲೇ ಕಾರ್ಡುಗಳು ಮೊದಲು ಬಂದವು.

ರಸೀದಿ ಪುಸ್ತಕ ಸಿಕ್ಕರೆ ಬೇರೆ ಕೆಲಸ ಬಿಟ್ಟು ಮೊದಲು ಪುಟಪುಟದ ಫೋಟೋ ತೆಗೆಯಿರಿ, ಗೆದ್ದಲು ತಿಂದ ಪುಟಗಳದ್ದೂ ಸೇರಿ, ನಂಬರ್ ಕಾಣುವ ಹಾಗೆ.